ಹದಿನೆಂಟು ಇಂಚಿನೊಳಗಿನ ಹೊಡೆತ: ಫ್ಲೋರಿಸ್ ಯಾನ್ ಬೋವೆಲಾಂಡರ್ ಪ್ರಕರಣ

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಪುರುಷರ ಹಾಕಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ನೆದರ್ಲೆಂಡ್ಸ್‌ನ ಫ್ಲೋರಿಸ್ ಯಾನ್ ಬೋವೆಲಾಂಡರ್. ಒಟ್ಟು 11 ಗೋಲು. ಅವರ ತಂಡ ಮಾತ್ರ ನಾಲ್ಕನೇ ಸ್ಥಾನಕ್ಕೆ ಇಳಿದು ಪದಕವಿಲ್ಲದೆ ಊರಿಗೆ ಮರಳಿತು. ನಾಲ್ಕು ವರ್ಷದ ಬಳಿಕ ಅಟ್ಲಾಂಟಾದಲ್ಲಿ ಡಚ್ ತಂಡದ ಗೋಲುಪಟ್ಟಿಯಲ್ಲಿ ಮೊದಲಿದ್ದವರು ಟಾಕೊ ವಾನ್ ಡೆನ್ ಹೋನರ್ಟ್. ಬೋವೆಲಾಂಡರ್ ಆಗ ಮೂವತ್ತರ ಆಟಗಾರ. ಅವರು ನೆಚ್ಚಿಕೊಂಡಿದ್ದ ವಿದ್ಯೆ, ಪೆನಾಲ್ಟಿ ಕಾರ್ನರ್‌ನ (ಗೋಲಿನ ಮುಂದಿನ 'ಡಿ' ವೃತ್ತದೊಳಗೆ ಎದುರಾಳಿ ತಪ್ಪು ಮಾಡಿದಾಗ ಸಿಗುವ ಅವಕಾಶ) ತಗ್ಗಿನ ಹೊಡೆತ, ಹಳೆಯದಾಗುತ್ತಿತ್ತು. ಆದರೂ ಸ್ಪೇನ್ ವಿರುದ್ಧದ ಫೈನಲ್‌ನಲ್ಲಿ ಎರಡು ಗೋಲು ಅವರ ಸ್ಟಿಕ್‌ನಿಂದ ಬಂದವು, ನೆದರ್ಲೆಂಡ್ಸ್ 3–1ರಿಂದ ಗೆದ್ದಿತು, ಆ ದೇಶದ ಪುರುಷರ ಹಾಕಿಗೆ ಮೊದಲ ಒಲಿಂಪಿಕ್ ಚಿನ್ನ ಸಿಕ್ಕಿತು.

ಹನ್ನೊಂದು ಗೋಲಿಗೆ ಪದಕವಿಲ್ಲ, ಅದಕ್ಕಿಂತ ಕಡಿಮೆ ಗೋಲಿಗೆ ಚಿನ್ನ. ಇದನ್ನು ಅದೃಷ್ಟದ ಖಾತೆಗೆ ಬರೆದು ಮುಗಿಸಬಹುದು. ಹಾಗೆ ಮಾಡಿದರೆ ಪೆನಾಲ್ಟಿ ಕಾರ್ನರ್ ಪರಿಣತ ಎಂಬ ಆಟಗಾರನಿಂದ ತಂಡ ಏನನ್ನು ಪಡೆಯಬಲ್ಲದು, ಏನನ್ನು ಪಡೆಯಲಾರದು ಎನ್ನುವುದು ತಿಳಿಯದೆ ಹೋಗುತ್ತದೆ. ಈ ಪ್ರಕರಣದಲ್ಲಿ ನೋಡಬೇಕಾದದ್ದು ಅದನ್ನೇ.

ಆಟಗಾರ

ಹುಟ್ಟಿದ್ದು 1966ರ ಜನವರಿ 19ರಂದು, ಹಾರ್ಲೆಮ್‌ನಲ್ಲಿ. ಆಡಿದ್ದು ಪಕ್ಕದ ಬ್ಲೂಮೆಂಡಾಲ್ ಕ್ಲಬ್ಬಿಗೆ. ದೇಶದ ಪರವಾಗಿ 241 ಪಂದ್ಯ, 215 ಗೋಲು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕಂಚು, 1990ರ ಲಾಹೋರ್ ವಿಶ್ವಕಪ್‌ನಲ್ಲಿ ಚಿನ್ನ, 1994ರ ಸಿಡ್ನಿ ವಿಶ್ವಕಪ್‌ನಲ್ಲಿ ಬೆಳ್ಳಿ, 1996ರಲ್ಲಿ ಅಟ್ಲಾಂಟಾ. ಲಾಹೋರ್‌ನಲ್ಲಿ ಪಾಕಿಸ್ತಾನವನ್ನು ಅದರದೇ ಅಂಗಳದಲ್ಲಿ, ಅದರದೇ ಪ್ರೇಕ್ಷಕರ ಎದುರು 3–1ರಿಂದ ಮಣಿಸಿದ ತಂಡದ ಮುಖ್ಯ ಅಸ್ತ್ರ ಅವರ ಕಾರ್ನರ್ ಹೊಡೆತವೇ ಆಗಿತ್ತು.

ಪಂದ್ಯಕ್ಕೆ 0.89 ಗೋಲು ಎಂಬ ಸರಾಸರಿ ಕಂಡಾಗ ಸೆಂಟರ್ ಫಾರ್ವರ್ಡ್ ಒಬ್ಬ ಕಣ್ಣೆದುರು ಬರುತ್ತಾನೆ. ಬೋವೆಲಾಂಡರ್ ಆಡುತ್ತಿದ್ದದ್ದು ಡಿಫೆನ್ಸ್‌ನಲ್ಲಿ. ಇದು ಬರೀ ವಿಚಿತ್ರವಲ್ಲ, ಇದರಲ್ಲೊಂದು ಲೆಕ್ಕಾಚಾರವಿದೆ. ಈಗಿನ ನಿಯಮದಂತೆ ಪೆನಾಲ್ಟಿ ಕಾರ್ನರ್ ಘೋಷಣೆಯಾದ ಮೇಲೆ ಅದು ಮುಗಿಯುವ ತನಕ ಬದಲಿ ಆಟಗಾರನನ್ನು ಇಳಿಸುವಂತಿಲ್ಲ (ಗಾಯಗೊಂಡ ಅಥವಾ ಹೊರಹಾಕಲ್ಪಟ್ಟ ಗೋಲ್‌ಕೀಪರ್‌ಗೆ ಮಾತ್ರ ವಿನಾಯಿತಿ). ಅಂದರೆ ಹೊಡೆಯುವವನು ಆ ಹೊತ್ತಿಗೆ ಅಂಗಳದಲ್ಲೇ ಇರಬೇಕು. ಫಾರ್ವರ್ಡ್‌ಗಳು ಓಡಿ ದಣಿದು ಬೆಂಚಿಗೆ ಹೋಗಿ ಬರುತ್ತಿರುತ್ತಾರೆ. ಹಿಂದಿನ ಸಾಲಿನವನು ಹೆಚ್ಚು ಹೊತ್ತು ನಿಲ್ಲುತ್ತಾನೆ, ಅವನ ಕಾಲೂ ಕೈಯೂ ಕೊನೆಯ ಹತ್ತು ನಿಮಿಷಕ್ಕೆ ಅಷ್ಟು ಸೋತಿರುವುದಿಲ್ಲ. ದೊಡ್ಡ ತಂಡಗಳ ಕಾರ್ನರ್ ಪರಿಣತರಲ್ಲಿ ಇಷ್ಟೊಂದು ಮಂದಿ ಡಿಫೆಂಡರ್‌ಗಳಿರುವುದಕ್ಕೆ ಇದೊಂದು ಕಾರಣ. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಕೂಡ ಅದೇ ಸಾಲಿನವರು.

ಇದಕ್ಕೊಂದು ಬೆಲೆಯೂ ಉಂಟು. ಅಂಗಳದ ಉದ್ದ 91.4 ಮೀಟರ್. ಕಾರ್ನರ್ ಹೊಡೆಯಲು ಮುಂದೆ ಹೋದ ಡಿಫೆಂಡರ್, ಹೊಡೆತ ವಿಫಲವಾಗಿ ಚೆಂಡು ಎದುರಾಳಿಗೆ ದಕ್ಕಿದರೆ, ತನ್ನ ಜಾಗಕ್ಕೆ ಐವತ್ತು ಅರವತ್ತು ಮೀಟರ್ ಓಡಿ ಬರಬೇಕು. ಆ ಅಂತರವನ್ನು ತುಂಬಲು ಒಬ್ಬ ಹಾಫ್ (ನಡುಸಾಲಿನ ಆಟಗಾರ) ಹಿಂದೆಯೇ ಉಳಿಯಬೇಕಾಗುತ್ತದೆ. ಎಂದರೆ ಕಾರ್ನರ್‌ನ ಎರಡನೇ ಅವಕಾಶಕ್ಕೆ, ಕೀಪರ್ ತಡೆದು ಹಿಂದೆ ಬಂದ ಚೆಂಡಿಗೆ ನುಗ್ಗಲು, ಒಬ್ಬ ಕಡಿಮೆ.

ಎರಡು ಸೆಕೆಂಡಿನ ಕೆಲಸ

215 ಗೋಲುಗಳ ಬಹುಪಾಲಿನ ಹಿಂದೆ ಇರುವುದು ಒಂದೇ ಕ್ರಮ. ಅದನ್ನು ಬಿಡಿಸಿ ನೋಡೋಣ. ಅಳತೆಗಳು ನಿಯಮದವು, ಸಮಯಗಳು ಆ ಅಳತೆಯಿಂದ ಹಾಕಿದ ಅಂದಾಜು.

ಚೆಂಡನ್ನು ಒಳಕ್ಕೆ ದೂಡುವವನು ಬ್ಯಾಕ್‌ಲೈನ್ ಮೇಲೆ, ಹತ್ತಿರದ ಗೋಲುಕಂಬದಿಂದ ಕನಿಷ್ಠ 10 ಮೀಟರ್ ದೂರದಲ್ಲಿ, ಒಂದು ಕಾಲನ್ನಾದರೂ ಅಂಗಳದ ಹೊರಗಿಟ್ಟು ನಿಲ್ಲುತ್ತಾನೆ. ಡಿ ವೃತ್ತದ ತುದಿ ಗೋಲಿನಿಂದ 14.63 ಮೀಟರ್. ಗೋಲಿನ ಅಗಲ 3.66 ಮೀಟರ್. ಇವಿಷ್ಟರಿಂದ ಲೆಕ್ಕ ಹಾಕಿದರೆ ದೂಡುವ ಜಾಗದಿಂದ ವೃತ್ತದ ನಡುತುದಿಗೆ ಸುಮಾರು 18.8 ಮೀಟರ್ ಬರುತ್ತದೆ. ಸೆಕೆಂಡಿಗೆ 16 ಮೀಟರ್ ವೇಗದಲ್ಲಿ ದೂಡಿದ ಚೆಂಡು ಅಲ್ಲಿಗೆ ತಲುಪಲು 1.2 ಸೆಕೆಂಡು. ಅಲ್ಲಿ ಒಬ್ಬ ಬಗ್ಗಿ, ಸ್ಟಿಕ್ಕನ್ನು ನೆಲಕ್ಕೆ ಹಾಸಿ ಚೆಂಡನ್ನು ನಿಲ್ಲಿಸುತ್ತಾನೆ. ಹಿಂದಿನಿಂದ ಹೊಡೆಯುವವನು ಹೆಜ್ಜೆ ಇಟ್ಟು ಬರುತ್ತಾನೆ. ನಿಲುಗಡೆಗೂ ಹೊಡೆತಕ್ಕೂ ಸೇರಿ ಇನ್ನೊಂದು ಅರ್ಧದಿಂದ ಮುಕ್ಕಾಲು ಸೆಕೆಂಡು. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ವೃತ್ತದ ತುದಿಯಿಂದ ಗೋಲಿಗೆ ಹೋಗಲು 0.53 ಸೆಕೆಂಡು, 120ರ ವೇಗದ್ದಕ್ಕೆ 0.44.

ಈಗ ಎದುರು ಕಡೆ ನೋಡಿ. ಗೋಲ್‌ಕೀಪರ್ ಸೇರಿ ಐವರು ಗೋಲುಗೆರೆಯ ಹಿಂದೆ, ಉಳಿದವರು ಮಧ್ಯಗೆರೆಯ ಆಚೆ. ದೂಡುವವನು ಚೆಂಡು ಮುಟ್ಟಿದ ಕ್ಷಣವೇ ಮೊದಲ ರನ್ನರ್, ಎಂದರೆ ಹೊಡೆಯುವವನತ್ತ ನುಗ್ಗುವ ಡಿಫೆಂಡರ್, ಹೊರಡುತ್ತಾನೆ. ನಿಂತಲ್ಲಿಂದ ಚಿಮ್ಮಿದವನು 1.8 ಸೆಕೆಂಡಿನಲ್ಲಿ ಎಂಟು ಮೀಟರಿನ ಆಸುಪಾಸು ಕ್ರಮಿಸುತ್ತಾನೆ ಎಂದಿಟ್ಟುಕೊಳ್ಳಿ. ಹೊಡೆತ ಸಮಯಕ್ಕೆ ಸರಿಯಾಗಿ ಬಂದರೆ ಅವನು ಹೊಡೆಯುವವನಿಗಿಂತ ಆರೇಳು ಮೀಟರ್ ದೂರದಲ್ಲಿದ್ದಾನೆ, ಕೋನ ಇನ್ನೂ ತೆರೆದಿದೆ. ನಿಲ್ಲಿಸುವವನ ಸ್ಟಿಕ್ ಮೇಲೆ ಚೆಂಡು ಪುಟಿದು ಅರ್ಧ ಸೆಕೆಂಡು ತಡವಾದರೆ ಅದೇ ರನ್ನರ್ ಮೂರು ನಾಲ್ಕು ಮೀಟರ್ ಹತ್ತಿರ ಬಂದುಬಿಟ್ಟಿರುತ್ತಾನೆ. ಆಗ ಹೊಡೆದರೆ ಚೆಂಡು ಅವನ ಸ್ಟಿಕ್ಕಿಗೋ ಕಾಲಿಗೋ ತಾಗುವುದು ಬಹುಮಟ್ಟಿಗೆ ಖಚಿತ. ಐದು ಮೀಟರೊಳಗೆ ಬಂದ ರನ್ನರ್‌ನ ಮೊಣಕಾಲಿನ ಕೆಳಗೆ ತಾಗಿದರೆ ಮತ್ತೊಂದು ಕಾರ್ನರ್ ಸಿಗುತ್ತದೆ. ಸಹಜ ನಿಲುವಿನಲ್ಲಿರುವಾಗ ಮೊಣಕಾಲಿಗಿಂತ ಮೇಲೆ ತಾಗಿದರೆ ಅದು ಅಪಾಯಕಾರಿ ಹೊಡೆತ, ಫ್ರೀ ಹಿಟ್ ಎದುರಾಳಿಗೆ.

ಹಾಗಾಗಿ ಹೊಡೆಯುವವನ ಹೆಸರಿಗೆ ಬರೆದ ಗೋಲಿನಲ್ಲಿ ಮೂವರ ಪಾಲಿದೆ. ಕೆಡುವುದಂತೂ ಹೆಚ್ಚಾಗಿ ಮೊದಲ ಇಬ್ಬರಲ್ಲಿ. ದೂಡುವವನು ಚೆಂಡನ್ನು ಸ್ಟಿಕ್‌ನಿಂದ ತಟ್ಟಿಬಿಟ್ಟರೆ ಅದು ಕುಪ್ಪಳಿಸುತ್ತಾ ಬರುತ್ತದೆ. ಕೆಳಗೆ ಕುಳಿತು, ಹಿಂಗಾಲಿನಿಂದ ಮುಂಗಾಲಿಗೆ ಭಾರ ಸಾಗಿಸುತ್ತಾ, ಚೆಂಡಿನ ಜೊತೆ ಸ್ಟಿಕ್ಕನ್ನು ಕೊನೆಯ ತನಕ ಒಯ್ದರೆ ಮಾತ್ರ ನೆಲಕ್ಕಂಟಿ ಸಾಗುತ್ತದೆ. ನಿಲ್ಲಿಸುವವನು ಸ್ಟಿಕ್ಕನ್ನು ಬಿಗಿಹಿಡಿದರೆ ಚೆಂಡು ಮುಂದಕ್ಕೆ ಪುಟಿಯುತ್ತದೆ, ತೀರ ಸಡಿಲ ಬಿಟ್ಟರೆ ಸ್ಟಿಕ್ ತಿರುಗಿ ಚೆಂಡು ಅಡಿಯಿಂದ ನುಸುಳುತ್ತದೆ. ಟರ್ಫ್‌ಗೆ ನೀರು ಸಮನಾಗಿ ಬೀಳದ ದಿನ ಒಂದೇ ಬಲದಲ್ಲಿ ದೂಡಿದ ಎರಡು ಚೆಂಡು ಎರಡು ವೇಗದಲ್ಲಿ ಬರುತ್ತವೆ. ನಿಂತ ಚೆಂಡು ನಾಲ್ಕು ಬೆರಳು ಅತ್ತಿತ್ತಾದರೂ ಹೊಡೆಯುವವನ ಹೆಜ್ಜೆಯ ಲೆಕ್ಕ ತಪ್ಪುತ್ತದೆ. ಹೆಜ್ಜೆ ತಪ್ಪಿದ ಮೇಲೆ ತೋಳಿನ ಬಲದಿಂದ ಅದನ್ನು ಸರಿಪಡಿಸಲು ಹೋದವರೆಲ್ಲ ಚೆಂಡನ್ನು ಎತ್ತಿಬಿಡುತ್ತಾರೆ.

460 ಮಿಲಿಮೀಟರ್

ಎತ್ತಿದರೆ ಏನಾಗುತ್ತದೆ? ಇಲ್ಲಿಯೇ ಬೋವೆಲಾಂಡರ್ ಹೊಡೆತದ ಮಿತಿಯೂ ಅದರ ಸೊಗಸೂ ಇರುವುದು. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನತ್ತ ಬರುವ ಮೊದಲ ಪ್ರಯತ್ನ ಹೊಡೆತವಾಗಿದ್ದರೆ, ಚೆಂಡು ಗೋಲುಗೆರೆ ದಾಟುವಾಗ 460 ಮಿ.ಮೀ.ಗಿಂತ ಎತ್ತರದಲ್ಲಿರಬಾರದು. ಗೋಲಿನ ಹಿಂಬದಿಯ ಹಲಗೆಯ ಎತ್ತರವೂ ಅಷ್ಟೇ, ಹಳೆಯ ಲೆಕ್ಕದ ಹದಿನೆಂಟು ಇಂಚು. ಸ್ಟಿಕ್ಕನ್ನು ಬೀಸದೆ ಚೆಂಡನ್ನು ದೂಡುವ ಇಲ್ಲವೇ ಎತ್ತುವ ಫ್ಲಿಕ್, ಪುಶ್, ಸ್ಕೂಪ್‌ಗಳಿಗೆ ಈ ಕಟ್ಟಳೆ ಇಲ್ಲ. ಅವು ಅಪಾಯ ಒಡ್ಡದೆ 2.14 ಮೀಟರ್ ಎತ್ತರದ ಅಡ್ಡಪಟ್ಟಿಯ ತನಕ ಎಲ್ಲಿ ಬೇಕಾದರೂ ಹೋಗಬಹುದು.

ಗುಣಿಸಿ ನೋಡಿದರೆ, ಫ್ಲಿಕ್ ಮಾಡುವವನಿಗೆ ಸಿಗುವ ಗೋಲು 7.83 ಚದರ ಮೀಟರ್. ಹೊಡೆಯುವವನಿಗೆ 1.68 ಚದರ ಮೀಟರ್, ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಆ ಅಗಲವಾದ ತಗ್ಗು ಕಿಂಡಿಯ ಮುಂದೆ ಗೋಲ್‌ಕೀಪರ್ ಅಡ್ಡ ಮಲಗಿಬಿಡುತ್ತಿದ್ದ. ಹೊಡೆತದ ಕಾಲದಲ್ಲಿ ಕೀಪರ್‌ಗಳು ಕಂಡುಕೊಂಡ ಸರಿಯಾದ ಉತ್ತರ ಅದೇ: ಎತ್ತರಕ್ಕೆ ಬರುವುದಿಲ್ಲ ಎಂದ ಮೇಲೆ ನಿಂತಿದ್ದು ಫಲವೇನು? ಪ್ಯಾಡು, ಸೊಂಟ, ತೋಳು, ಚಾಚಿದ ಸ್ಟಿಕ್ ಸೇರಿದರೆ 3.66 ಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗುತ್ತದೆ. ಕಂಬದ ಬಳಿ ನಿಂತ ಡಿಫೆಂಡರ್ ಇನ್ನಷ್ಟು ಕಾಯುತ್ತಾನೆ. ಉಳಿದ ಸಂದಿ 40 ಸೆಂಟಿಮೀಟರ್ ಎಂದುಕೊಂಡರೂ, 14.63 ಮೀಟರ್ ದೂರದಿಂದ ಅದು ಬರೀ ಒಂದೂವರೆ ಡಿಗ್ರಿಯ ಕೋನ. ನಡುವಿನಿಂದ ಮುಕ್ಕಾಲು ಡಿಗ್ರಿ ಆಚೀಚೆಯಾದರೆ ಚೆಂಡು ಪ್ಯಾಡಿಗೋ ಕಂಬದ ಹೊರಕ್ಕೋ ಹೋಗುತ್ತದೆ.

ಎತ್ತರದ ಲೆಕ್ಕ ಇನ್ನೂ ಬಿಗಿ. ಹಾರಿಬಂದ ಚೆಂಡು ಗೋಲುಗೆರೆಯಲ್ಲಿ 460 ಮಿ.ಮೀ. ಒಳಗಿರಬೇಕೆಂದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ, 100 ಕಿ.ಮೀ. ವೇಗದ ಹೊಡೆತ ನೆಲದಿಂದ ಸುಮಾರು 7 ಡಿಗ್ರಿಗಿಂತ ಹೆಚ್ಚು ಏಳುವಂತಿಲ್ಲ. ವೇಗ 120ಕ್ಕೆ ಏರಿದರೆ ಮಿತಿ ಐದೂವರೆ ಡಿಗ್ರಿಗೆ ಇಳಿಯುತ್ತದೆ, ಏಕೆಂದರೆ ಚೆಂಡಿಗೆ ಬೀಳಲು ಸಮಯವೇ ಇಲ್ಲ. ಬಲವಾಗಿ ಹೊಡೆದಷ್ಟೂ ತಪ್ಪಿಗೆ ಸಿಗುವ ರಿಯಾಯಿತಿ ಕಡಿಮೆ. ಬರೀ ತೋಳ್ಬಲದ ಹೊಡೆತಗಾರರು ಇಲ್ಲಿ ಸೋಲುತ್ತಾರೆ. ಬೋವೆಲಾಂಡರ್ ಹೊಡೆತವನ್ನು 'ಫಿರಂಗಿ' ಎಂದು ಬಣ್ಣಿಸುವವರು ಅದರ ಅರ್ಧವನ್ನಷ್ಟೇ ನೋಡಿದ್ದಾರೆ ಎಂದೇ ನಮ್ಮ ಅಭಿಪ್ರಾಯ. ಒಂದೇ ಕೋನದಲ್ಲಿ ಮತ್ತೆ ಮತ್ತೆ ಹೊಡೆಯಬಲ್ಲ ನಿಖರತೆ ಇಲ್ಲದೆ, ಮಲಗಿದ ಕೀಪರ್‌ನನ್ನು ದಾಟಿ ಎರಡು ನೂರಕ್ಕೂ ಮಿಕ್ಕ ಗೋಲು ಹೊಡೆಯಲಾಗದು. ಹೊಡೆತ ತಗ್ಗಿನಲ್ಲಿ ಹೋಗಿ ಹಲಗೆಗೆ ಬಡಿದಾಗ ಬರುವ ಸದ್ದು ಆ ಕಾಲದ ಪ್ರೇಕ್ಷಕರಿಗೆ ಗುರುತಿತ್ತು. ಅಂಪೈರ್‌ಗೂ ಅದು ಉಪಕಾರಿ, ಏಕೆಂದರೆ ಎತ್ತರದ ಬಗ್ಗೆ ವಾದಕ್ಕೇ ಎಡೆಯಿಲ್ಲ.

ಹೊಡೆತದ ನಿಜವಾದ ದೌರ್ಬಲ್ಯ ವೇಗದಲ್ಲಿರಲಿಲ್ಲ. ಹೊಡೆಯುವವನ ಭುಜ, ಮುಂಗಾಲು, ಸ್ಟಿಕ್ ಹಿಂದಕ್ಕೆ ಏಳುವ ರೀತಿ ನೋಡಿ ಚೆಂಡು ಎತ್ತ ಹೋಗುತ್ತದೆ ಎಂದು ಅನುಭವಿ ಕೀಪರ್ ಮೊದಲೇ ಊಹಿಸಬಲ್ಲ. ಡ್ರ್ಯಾಗ್ ಫ್ಲಿಕ್‌ನಲ್ಲಿ ಚೆಂಡು ಸ್ಟಿಕ್‌ನ ಕೊಕ್ಕೆಗೆ ಅಂಟಿಕೊಂಡು ಒಂದೆರಡು ಮೀಟರ್ ಎಳೆದುಕೊಂಡು ಬರುತ್ತದೆ. ದಿಕ್ಕು ನಿಶ್ಚಯವಾಗುವುದು ಕೊನೆಗಳಿಗೆಯಲ್ಲಿ, ಮಣಿಕಟ್ಟಿನಲ್ಲಿ. ಜೊತೆಗೆ ಮೇಲಿನ ಎರಡು ಮೂಲೆಗಳೂ ತೆರೆದಿರುತ್ತವೆ. ಮಲಗಿದ ಕೀಪರ್‌ಗೆ ಇದಕ್ಕೆ ಉತ್ತರವಿಲ್ಲ. ನಿಂತರೆ ತಗ್ಗಿನ ಹೊಡೆತಕ್ಕೆ ತಡ, ಮಲಗಿದರೆ ಎತ್ತರದ ಫ್ಲಿಕ್‌ಗೆ ಶರಣು. ಕನ್ನಡಿಗರಿಗೆ ಪರಿಚಿತರಾದ ಆಶಿಷ್ ಬಲ್ಲಾಳ್, ಎ.ಬಿ. ಸುಬ್ಬಯ್ಯ ಭಾರತದ ಗೋಲು ಕಾದದ್ದು ಈ ಇಬ್ಬಂದಿ ಶುರುವಾದ ಕಾಲದಲ್ಲೇ.

ಬಾರ್ಸಿಲೋನಾದಲ್ಲಿ ಕೆಟ್ಟದ್ದೇನು

ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 2–3. ಕಂಚಿನ ಪಂದ್ಯದಲ್ಲಿ ಪಾಕಿಸ್ತಾನದ ಎದುರು ಹೆಚ್ಚುವರಿ ಸಮಯದಲ್ಲಿ 3–4. ಎರಡು ಪಂದ್ಯದಲ್ಲಿ ನೆದರ್ಲೆಂಡ್ಸ್ ಐದು ಗೋಲು ಹೊಡೆದಿದೆ. ಆ ಮಟ್ಟದಲ್ಲಿ ಇದು ಕಡಿಮೆಯೇನಲ್ಲ. ಬಿಟ್ಟುಕೊಟ್ಟದ್ದು ಏಳು.

ಆದ್ದರಿಂದ 'ಕಾರ್ನರ್ ಕೈಕೊಟ್ಟಿತು' ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಗೋಲು ಹೊಡೆಯುವ ಯಂತ್ರ ಚೆನ್ನಾಗಿಯೇ ಓಡುತ್ತಿತ್ತು. ಗೋಲು ಕಾಯುವ ಕೆಲಸ ಸೋತಿತು. ಹಾಗೆ ಸೋತ ವಿಭಾಗದಲ್ಲೇ ಟೂರ್ನಿಯ ಅತ್ಯಧಿಕ ಗೋಲುಗಾರನೂ ಆಡುತ್ತಿದ್ದ. ಇದಕ್ಕೆ ಒಬ್ಬನನ್ನು ಹೊಣೆ ಮಾಡುವುದು ತಪ್ಪು. ಆದರೆ ಗೋಲುಪಟ್ಟಿಯ ಮೇಲೆ ಕಣ್ಣಿಟ್ಟವರಿಗೆ ಕಾಣದ ಒಂದು ಸಂಗತಿ ಇಲ್ಲಿದೆ. ಕಾರ್ನರ್ ಗೋಲು ತಂಡವನ್ನು ಗುಂಪಿನ ಹಂತ ದಾಟಿಸುತ್ತದೆ. ದುರ್ಬಲ ತಂಡಗಳು ಡಿ ಒಳಗೆ ಹೆಚ್ಚು ತಪ್ಪು ಮಾಡುತ್ತವೆ, ಹೆಚ್ಚು ಕಾರ್ನರ್ ಕೊಡುತ್ತವೆ, ಪರಿಣತನ ಖಾತೆ ತುಂಬುತ್ತದೆ. ಸೆಮಿಫೈನಲ್‌ನಲ್ಲಿ ಎದುರಿರುವವರು ಕಾರ್ನರ್ ಕೊಡದೆ ಕಾಯುವುದನ್ನು ಕಲಿತವರು. ಅಲ್ಲಿ ಪರಿಣತನ ಬೆಲೆ ಎಷ್ಟು ಗೋಲು ಹೊಡೆದ ಎಂಬುದರಲ್ಲಿಲ್ಲ, ಸಿಕ್ಕ ಎರಡೋ ಮೂರೋ ಅವಕಾಶದಲ್ಲಿ ಒಂದನ್ನು ಗೋಲಾಗಿಸಿದನೇ ಎಂಬುದರಲ್ಲಿದೆ.

ಹದಿನಾರು ವರ್ಷದ ನಂತರ ಇದೇ ಕಥೆ ಮತ್ತೊಮ್ಮೆ ನಡೆಯಿತು. 2008ರ ಬೀಜಿಂಗ್‌ನಲ್ಲಿ ಡಚ್ ಡ್ರ್ಯಾಗ್ ಫ್ಲಿಕರ್ ಟಾಕೆ ಟಾಕೆಮಾ 11 ಗೋಲು ಹೊಡೆದು ಪಟ್ಟಿಯ ಮೊದಲಿಗರಾದರು. ತಂಡ ಸೆಮಿಫೈನಲ್‌ನಲ್ಲಿ ಜರ್ಮನಿಯ ಜೊತೆ 1–1 ಸಮ ಮಾಡಿ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ (ಕೀಪರ್ ಒಬ್ಬನ ಎದುರು ಮಾಡುವ ಗೋಲು ಯತ್ನ) ಸೋತಿತು, ಕಂಚಿನ ಪಂದ್ಯದಲ್ಲಿ ಆಸ್ಟ್ರೇಲಿಯಾದಿಂದ 6–2ರ ಪೆಟ್ಟು ತಿಂದಿತು. ಅದೇ 11, ಅದೇ ನಾಲ್ಕನೇ ಸ್ಥಾನ. ಹೊಡೆತ ಹೋಗಿ ಫ್ಲಿಕ್ ಬಂದಿತ್ತು, ಫಲಿತಾಂಶ ಬದಲಾಗಲಿಲ್ಲ.

ಈ ಮಧ್ಯೆ 1994ರ ಸಿಡ್ನಿ. ಫೈನಲ್ 1–1. ಪೆನಾಲ್ಟಿ ಸ್ಟ್ರೋಕ್‌ಗಳ ಟೈಬ್ರೇಕರ್‌ನಲ್ಲಿ ಪಾಕಿಸ್ತಾನಕ್ಕೆ 4–3ರ ಗೆಲುವು. ಕೀಪರ್ ಮನ್ಸೂರ್ ಅಹ್ಮದ್ ಕೊನೆಯಲ್ಲಿ ತಡೆದ ಸ್ಟ್ರೋಕ್ ಯೆರೂನ್ ಡೆಲ್ಮೆಯವರದು. ಪೆನಾಲ್ಟಿ ಸ್ಟ್ರೋಕ್ ತೆಗೆದುಕೊಳ್ಳುವುದು 6.40 ಮೀಟರ್ ದೂರದಿಂದ, ಹೊಡೆತಕ್ಕೆ ಅಲ್ಲಿ ಅವಕಾಶವೇ ಇಲ್ಲ. ಪುಶ್, ಫ್ಲಿಕ್, ಸ್ಕೂಪ್ ಮಾತ್ರ. ತಂಡದ ಅತ್ಯಂತ ದೊಡ್ಡ ಅಸ್ತ್ರ ಪಂದ್ಯ ನಿರ್ಧಾರವಾಗುವ ಆ ಘಳಿಗೆಯಲ್ಲಿ ಒರೆಯಲ್ಲೇ ಉಳಿಯಬೇಕು. (ಅಂದು ಹದಿಹರೆಯ ದಾಟಿ ಸ್ವಲ್ಪವೇ ಸಮಯವಾಗಿದ್ದ ಡೆಲ್ಮೆ ಮುಂದೆ ಆಟಗಾರನಾಗಿ ಎರಡು ಒಲಿಂಪಿಕ್ ಚಿನ್ನ ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಜರ್ಮನಿಯನ್ನು ಶೂಟೌಟ್‌ನಲ್ಲೇ ಮಣಿಸಿ ಚಿನ್ನ ಗೆದ್ದ ಡಚ್ ತಂಡದ ಕೋಚ್ ಅವರೇ.)

ಅಟ್ಲಾಂಟಾ: ಹಳಬನನ್ನು ಉಳಿಸಿಕೊಂಡದ್ದು

1996ರ ಹದಿನಾರರ ತಂಡವನ್ನು ಗಮನವಿಟ್ಟು ನೋಡಬೇಕು. ಕೋಚ್ ರೋಲಂಟ್ ಓಲ್ಟ್‌ಮನ್ಸ್, ಮುಂದೆ ಭಾರತ ತಂಡಕ್ಕೂ ಕೋಚ್ ಆಗಿ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಶಿಬಿರಗಳಲ್ಲಿ ಕೆಲಸ ಮಾಡಿದವರು. ಅವರ ಬಳಿ ಕಾರ್ನರ್‌ಗೆ ಒಬ್ಬರಲ್ಲ, ಮೂವರಿದ್ದರು. ಹೊಡೆತಕ್ಕೆ ಬೋವೆಲಾಂಡರ್. 1994ರ ವಿಶ್ವಕಪ್‌ನಲ್ಲಿ ಗೋಲುಗಳ ಸುರಿಮಳೆ ಸುರಿಸಿದ್ದ, ಚೆಂಡನ್ನು ಎಳೆದು ದೂಡುವ ವಾನ್ ಡೆನ್ ಹೋನರ್ಟ್. ಮೂರನೆಯವರು ಇಪ್ಪತ್ತೊಂದರ ಬ್ರಾಮ್ ಲೋಮನ್ಸ್, ಡ್ರ್ಯಾಗ್ ಫ್ಲಿಕ್‌ನ ಮುಂದಿನ ತಲೆಮಾರು. ಜೊತೆಗೆ ಸ್ಟೆಫಾನ್ ವೇನ್, ಮಾರ್ಕ್ ಡೆಲಿಸನ್, ಜಾಕ್ ಬ್ರಿಂಕ್‌ಮನ್, ಬ್ಲೂಮೆಂಡಾಲ್‌ನಲ್ಲೇ ಬೋವೆಲಾಂಡರ್ ಜೊತೆಗಾರನಾಗಿದ್ದ ಹದಿಹರೆಯ ದಾಟಿದ ಟೆನ್ ಡೆ ನೋಯರ್.

ಹದಿನಾರು ಜನರ ತಂಡದಲ್ಲಿ ಒಂದೇ ಕೆಲಸಕ್ಕೆ ಮೂವರನ್ನು ಒಯ್ಯುವುದು ದುಬಾರಿ ಎನಿಸುತ್ತದೆ. ಎದುರಾಳಿಯ ಕಡೆಯಿಂದ ನೋಡಿದರೆ ಹಾಗೆ ಕಾಣದು. ಕಾರ್ನರ್ ಕಾಯುವ ಐವರೂ ಓಡುವ ಮೊದಲೇ ಒಂದು ತೀರ್ಮಾನ ಮಾಡಿರಬೇಕು: ಕೀಪರ್ ಮಲಗಬೇಕೋ ನಿಲ್ಲಬೇಕೋ, ಮೊದಲ ರನ್ನರ್ ಯಾರ ಮೇಲೆ ನುಗ್ಗಬೇಕು, ಕಂಬದವನು ತಗ್ಗಿಗೋ ಎತ್ತರಕ್ಕೋ ಸ್ಟಿಕ್ ಹಿಡಿಯಬೇಕು. ಬಾರ್ಸಿಲೋನಾದಲ್ಲಿ ಡಚ್ ಕಾರ್ನರ್ ಎಂದರೆ ಬೋವೆಲಾಂಡರ್ ಎಂಬುದು ಎಲ್ಲರಿಗೂ ಗೊತ್ತು, ಕೀಪರ್ ನಿಶ್ಚಿಂತೆಯಾಗಿ ಮಲಗಬಹುದಿತ್ತು. ಅಟ್ಲಾಂಟಾದಲ್ಲಿ ವೃತ್ತದ ತುದಿಯಲ್ಲಿ ಹೊಡೆಯುವವನೂ ಎಳೆಯುವವನೂ ಒಟ್ಟಿಗೆ ನಿಂತಾಗ ಆ ನಿಶ್ಚಿಂತೆ ಇಲ್ಲ. ಎತ್ತರದ ಚೆಂಡಿಗೆ ಹೆದರಿ ಕೀಪರ್ ಅರೆಕ್ಷಣ ನಿಂತೇ ಇದ್ದರೆ ತಗ್ಗಿನ ಹೊಡೆತಕ್ಕೆ ಬೇಕಾದದ್ದು ಅಷ್ಟೇ ಹೊತ್ತು. ಫ್ಲಿಕ್ ಬಂದದ್ದರಿಂದಲೇ ಹೊಡೆತಕ್ಕೆ ಮತ್ತೆ ಹರಿತ ಬಂತು ಎನ್ನಬಹುದು. ಸೆಮಿಫೈನಲ್‌ನಲ್ಲಿ ಜರ್ಮನಿ ವಿರುದ್ಧ 3–1, ಫೈನಲ್‌ನಲ್ಲಿ ಆಗಸ್ಟ್ 2ರಂದು ಸ್ಪೇನ್ ವಿರುದ್ಧ 3–1. ಬಾರ್ಸಿಲೋನಾದ ಕೊನೆಯ ಎರಡು ಪಂದ್ಯಗಳಲ್ಲಿ ಏಳು ಗೋಲು ಬಿಟ್ಟ ತಂಡ ಇಲ್ಲಿ ಬಿಟ್ಟದ್ದು ಎರಡು. ಚಿನ್ನದ ಅರ್ಧ ವಿವರಣೆ ಈ ಕೊನೆಯ ಅಂಕಿಯಲ್ಲೇ ಇದೆ.

ಭಾರತೀಯ ಓದುಗರು ಇದರ ಹಿನ್ನೆಲೆಯನ್ನೂ ನೆನೆಯಬೇಕು. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ತವರು ಫೈನಲ್‌ನಲ್ಲಿ, 1952ರಲ್ಲಿ ಹೆಲ್ಸಿಂಕಿಯ ಫೈನಲ್‌ನಲ್ಲಿ ಡಚ್ಚರಿಗೆ ಚಿನ್ನ ತಪ್ಪಿಸಿದ್ದು ಭಾರತವೇ. ಹೆಲ್ಸಿಂಕಿಯ 6–1ರಲ್ಲಿ ಐದು ಗೋಲು ಬಲ್ಬೀರ್ ಸಿಂಗ್ ಅವರವು.

ಒಂದು ಎಚ್ಚರಿಕೆ ಬೇಕು. ಅಟ್ಲಾಂಟಾವನ್ನು 'ಅನುಭವಿಗಳನ್ನು ಬಿಡಬೇಡಿ' ಎಂಬ ಸೂತ್ರವಾಗಿ ಓದುವವರಿದ್ದಾರೆ. ಡಚ್ ಹಾಕಿಯೇ ಅದನ್ನು ಒಪ್ಪಿಲ್ಲ. 2012ರ ಜನವರಿಯಲ್ಲಿ ಕೋಚ್ ಪೌಲ್ ವಾನ್ ಆಸ್ ಅವರು ಟಾಕೆಮಾ ಮತ್ತು ಡೆ ನೋಯರ್ ಇಬ್ಬರನ್ನೂ ತಂಡದಿಂದ ಕೈಬಿಟ್ಟರು. ಡೆ ನೋಯರ್ ಅವರನ್ನು ಮತ್ತೆ ಕರೆದರು, ಅವರು ಲಂಡನ್‌ನಲ್ಲಿ ತಮ್ಮ ಐದನೇ ಒಲಿಂಪಿಕ್ಸ್ ಆಡಿ, ಒಟ್ಟು 453 ಅಂತರರಾಷ್ಟ್ರೀಯ ಪಂದ್ಯಗಳಿಗೆ ಆಟ ಮುಗಿಸಿದರು. ಟಾಕೆಮಾಗೆ ಕರೆ ಬರಲಿಲ್ಲ. ಅವರ ಜಾಗದಲ್ಲಿ ಮಿಂಕ್ ವಾನ್ ಡರ್ ವೀರ್ಡನ್ ಇದ್ದರು, ಲಂಡನ್‌ನ ಅತ್ಯಧಿಕ ಗೋಲುಗಾರರಾದರು, ತಂಡ ಬೆಳ್ಳಿ ಗೆದ್ದಿತು. ಕಾರ್ನರ್ ಪರಿಣತನ ಜಾಗಕ್ಕೆ ಅದೇ ಕೆಲಸ ಮಾಡುವ ಇನ್ನೊಬ್ಬ ಸಿಗುತ್ತಾನೆ. ಇಡೀ ಆಟವನ್ನು ನೇಯುವವನ ಜಾಗಕ್ಕೆ ಸಿಗುವುದು ಕಷ್ಟ. ಬೋವೆಲಾಂಡರ್ 1996ರಲ್ಲಿ ಉಳಿದದ್ದು ಬೇರೆಯವರಲ್ಲಿ ಇಲ್ಲದ್ದು ಅವರಲ್ಲಿ ಇದ್ದುದರಿಂದ, ವಯಸ್ಸಿಗೆ ಕೊಟ್ಟ ಮರ್ಯಾದೆಯಿಂದಲ್ಲ.

ಆಮೇಲೆ

ಹೊಡೆತದ ಯುಗ ಬೇಗ ಮುಗಿಯಿತು. ಲೋಮನ್ಸ್, ನಂತರ ಟಾಕೆಮಾ (244 ಪಂದ್ಯ, 221 ಗೋಲು), ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಡ್ರ್ಯಾಗ್ ಫ್ಲಿಕ್ಕನ್ನೇ ಕಾರ್ನರ್‌ನ ಮುಖ್ಯ ದಾರಿಯಾಗಿಸಿದರು. ಸ್ಟಿಕ್‌ಗಳೂ ಅದಕ್ಕೆ ತಕ್ಕಂತೆ ಬಾಗಿದವು, ಎಷ್ಟರಮಟ್ಟಿಗೆ ಎಂದರೆ ಬಾಗುವಿಕೆಗೇ ಮಿತಿ ಹಾಕಬೇಕಾಯಿತು. ಈಗ ಅದು 25 ಮಿ.ಮೀ. ಬೋವೆಲಾಂಡರ್ ಅವರ ವಿದ್ಯೆ ಕೈದಾಟಿಸುವ ವಸ್ತುವಾಗಿ ಉಳಿಯಲಿಲ್ಲ. ಲೋಮನ್ಸ್ ವಿದ್ಯೆ ಉಳಿಯಿತು: 2022ರ ಡಿಸೆಂಬರ್‌ನಲ್ಲಿ, ಒಡಿಶಾ ವಿಶ್ವಕಪ್‌ಗೆ ಮುನ್ನ, ಭಾರತದ ಡ್ರ್ಯಾಗ್ ಫ್ಲಿಕರ್‌ಗಳಿಗೆ ಬೆಂಗಳೂರಿನಲ್ಲಿ ವಿಶೇಷ ಶಿಬಿರ ನಡೆಸಲು ಅವರನ್ನೇ ಕರೆಸಲಾಯಿತು.

ಬೋವೆಲಾಂಡರ್ ಭಾರತಕ್ಕೆ ಬಂದದ್ದು ಬೇರೆ ದಾರಿಯಲ್ಲಿ. ಅವರ ಹೆಸರಿನ ಪ್ರತಿಷ್ಠಾನ 'ಒನ್ ಮಿಲಿಯನ್ ಹಾಕಿ ಲೆಗ್ಸ್' ಎಂಬ ಯೋಜನೆಯಡಿ ಶಾಲಾ ಮಕ್ಕಳಿಗೆ ಹಾಕಿ ಕಲಿಸಿತು. ಟಾಟಾ ಟ್ರಸ್ಟ್ಸ್ ಜೊತೆಗೂಡಿ ಜಾರ್ಖಂಡ್‌ನಲ್ಲಿ, ಖೂಂಟಿಯ ಹಳ್ಳಿಶಾಲೆಗಳಿಂದ ಜಮ್‌ಶೆಡ್‌ಪುರದ ನೇವಲ್ ಟಾಟಾ ಹಾಕಿ ಅಕಾಡೆಮಿಯ ತನಕ, ತಾಂತ್ರಿಕ ಪಾಲುದಾರನಾಗಿ ಕೆಲಸ ಮಾಡಿತು. ಸ್ಥಳೀಯ ಕೋಚ್‌ಗಳನ್ನು ತಯಾರು ಮಾಡುವುದು ಅದರ ಮುಖ್ಯ ಕೆಲಸ. ಒಂದೇ ಹೊಡೆತಕ್ಕೆ ಹೆಸರಾದವರು ಆಟ ಬಿಟ್ಟ ಮೇಲೆ ಕೈಹಾಕಿದ್ದು ಅತಿ ಅಗಲವಾದ ಕೆಲಸಕ್ಕೆ.

ನಮ್ಮ ಅಂಗಳದಲ್ಲಿ

ಕೊಡಗಿನ ಹಾಕಿ ಹಬ್ಬಕ್ಕೋ ಕಾಲೇಜು ಟೂರ್ನಿಗೋ ತಂಡ ಕಟ್ಟುವ ಕೋಚ್‌ಗೆ ಈ ಪ್ರಕರಣದಿಂದ ನೇರವಾಗಿ ಬಳಸಬಹುದಾದದ್ದು ಇದೆ. ಯೂಟ್ಯೂಬ್ ನೋಡಿದ ಪ್ರತಿ ಹುಡುಗನೂ ಡ್ರ್ಯಾಗ್ ಫ್ಲಿಕ್ ಮಾಡಲು ಹೊರಡುತ್ತಾನೆ. ಸೊಂಟ, ಮುಂಗಾಲಿನ ಮಂಡಿ ಸಾಕಷ್ಟು ಬಲಿಯದ ಹದಿನಾಲ್ಕರ ಹುಡುಗ ದಿನಕ್ಕೆ ನೂರು ಫ್ಲಿಕ್ ಮಾಡಿದರೆ ಮೊದಲು ಕೆಡುವುದು ಬೆನ್ನಿನ ಕೆಳಭಾಗ. ಅವನಿಗೆ ತಗ್ಗಿನ ಹೊಡೆತ ಕಲಿಸುವುದು ಸುಲಭ, ಎದುರಿನ ಕೀಪರ್ ಅದನ್ನು ಅಷ್ಟಾಗಿ ಕಂಡಿರುವುದಿಲ್ಲ ಎಂಬ ಲಾಭವೂ ಇದೆ.

ಅಭ್ಯಾಸದಲ್ಲಿ ಮೊದಲು ಹೊಡೆಯುವವನನ್ನು ಪಕ್ಕಕ್ಕೆ ಕೂರಿಸಿ. ದೂಡುವವನೂ ನಿಲ್ಲಿಸುವವನೂ ಇಪ್ಪತ್ತು ಚೆಂಡು ಮಾಡಲಿ. ಸುಣ್ಣದಲ್ಲಿ ಅಂಗೈಯಗಲದ ಗುರುತು ಹಾಕಿ, ಚೆಂಡು ಅದರೊಳಗೆ ನಿಂತದ್ದನ್ನಷ್ಟೇ ಎಣಿಸಿ. ಹದಿನೈದು ದಾಟದ ತಂಡ ಹೊಡೆತದ ಅಭ್ಯಾಸಕ್ಕೆ ಹೋಗುವುದೇ ವ್ಯರ್ಥ. ಈಗಿನ ನಿಯಮದಲ್ಲಿ ಚೆಂಡು ಡಿ ವೃತ್ತದಿಂದ ಹೊರಗೆ ಹೋಗಿ ಬರದೆ ಗೋಲು ಆಗದು, ಹಾಗಾಗಿ ನಿಲುಗಡೆಯ ಗುರುತು ಗೆರೆಯ ಹೊರಗೇ ಇರಲಿ, ನಂತರ ಚೆಂಡನ್ನು ಒಳಕ್ಕೆ ತಳ್ಳಿ ಹೊಡೆಯುವ ಅಭ್ಯಾಸವಾಗಲಿ. ಮಣ್ಣು ಅಥವಾ ಹುಲ್ಲಿನ ಅಂಗಳವಾದರೆ ಚೆಂಡು ಹಾದುಬರುವ ಆ 19 ಮೀಟರ್ ದಾರಿಯನ್ನು ಪಂದ್ಯಕ್ಕೆ ಮುಂಚೆ ನಡೆದು ನೋಡಿ, ಎಡ ಬಲ ಎರಡೂ ಕಡೆ. ಯಾವ ಕಡೆ ನೆಲ ಸಮವಿದೆಯೋ ಆ ಕಡೆಯಿಂದ ದೂಡಿಸಿ. ಗೋಲಿಗೆ ಹಲಗೆ ಇಲ್ಲದಿದ್ದರೆ ಎರಡು ಕಂಬಗಳ ನಡುವೆ 46 ಸೆಂ.ಮೀ. ಎತ್ತರಕ್ಕೆ ಹಗ್ಗ ಕಟ್ಟಿ. ಹಗ್ಗದ ಮೇಲೆ ಹೋದ ಪ್ರತಿ ಹೊಡೆತದಲ್ಲೂ ನೋಡಬೇಕಾದದ್ದು ಎರಡೇ: ಮುಂಗಾಲು ಚೆಂಡಿಗಿಂತ ತೀರ ಹಿಂದೆ ಉಳಿಯಿತೇ, ಹೊಡೆಯುವಾಗ ತಲೆ ಎದ್ದಿತೇ.

ಫ್ಲಿಕ್ ಬಲ್ಲ ಹುಡುಗನೂ ತಂಡದಲ್ಲಿದ್ದರೆ ಇಬ್ಬರನ್ನೂ ವೃತ್ತದ ತುದಿಯಲ್ಲಿ ನಿಲ್ಲಿಸಿ. ಮೊದಲ ಕಾರ್ನರ್ ಫ್ಲಿಕ್ ಆಗಲಿ, ಎತ್ತರಕ್ಕೆ; ಗೋಲಾಗದಿದ್ದರೂ ಚಿಂತೆಯಿಲ್ಲ. ತಗ್ಗಿನ ಹೊಡೆತವನ್ನು ಎರಡನೆಯ ಕಾರ್ನರ್‌ಗೆ ಉಳಿಸಿಕೊಳ್ಳಿ.